ಸಂಸಾರದ ಗುಟ್ಟೋ, ವ್ಯಾಧಿಯೋ?

“ಸಂಸಾರ ಗುಟ್ಟು, ವ್ಯಾಧಿ ರಟ್ಟು” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಮನೆಯ ಮಾತು ಹೊಸಿಲು ದಾಟಬಾರದು. ಕಾಯಿಲೆಯನ್ನಾದರೋ ನಾಲ್ಕು ಜನರಲ್ಲಿ ಹೇಳಿಕೊಳ್ಳಬೇಕು, ಯಾರ ಬಳಿ ಮದ್ದಿದೆಯೋ ಬಲ್ಲವರಾರು ಎಂಬುದು ಹಿರಿಯರ ವಿವೇಕ. ಆದರೆ ಮನೆಯ ಯಜಮಾನ ದಿನವೂ ಕುಡಿದು ಬರುತ್ತಿದ್ದರೆ, ಹದಿನಾಲ್ಕರ ಮಗ ಶಾಲೆ ತಪ್ಪಿಸಿ ಸ್ಟೇಷನ್ನಿನ ಪುಂಡರ ಜೊತೆ ಸೇರಿಕೊಂಡರೆ, ಸಾವು ಕಂಡ ಮನೆಯಲ್ಲಿ ವರ್ಷ ಕಳೆದರೂ ಯಾರೂ ಹೋದವರ ಹೆಸರೆತ್ತದಿದ್ದರೆ, ಇವು ಗಾದೆಯ ಯಾವ ಅರ್ಧಕ್ಕೆ ಸೇರಿದವು? ಇದಕ್ಕೆ ಉತ್ತರ ಹುಡುಕಲು ಜಗತ್ತಿಗೆ ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಆ ಹುಡುಕಾಟದ ಕೆಲವು ಮುಖ್ಯ ಘಟ್ಟಗಳು ನಾವು ಹೊರನಾಡ ಕನ್ನಡಿಗರು ಬಾಳುತ್ತಿರುವ ನಗರಗಳಲ್ಲೇ ನಡೆದವು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಊರಿನಲ್ಲಿದ್ದಾಗ ಇಂಥ ತೊಡಕಿಗೆ ಸೋದರಮಾವನಿದ್ದ, ದೊಡ್ಡಪ್ಪನಿದ್ದ, ಜಗಲಿಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರಿದ್ದರು. ಅವರು ಹೇಳಿದ್ದೆಲ್ಲ ನ್ಯಾಯವೇ ಆಗಿತ್ತೆಂದು ನಾವು ಹೇಳಲಾರೆವು. ಹೆಣ್ಣುಮಗಳಿಗೆ “ಹೊಂದಿಕೊಂಡು ಹೋಗಮ್ಮ” ಎಂಬುದೇ ಬಹುಪಾಲು ಕೊನೆಯ ತೀರ್ಪು. ಆದರೂ ಕೇಳುವ ಕಿವಿಗಳಂತೂ ಇದ್ದವು. ಹೊಟ್ಟೆಪಾಡಿಗಾಗಿ ಮುಂಬಯಿಗೋ ಮದರಾಸಿಗೋ ದಿಲ್ಲಿಗೋ ಬಂದ ಮೇಲೆ ಆ ಕಿವಿಗಳು ಇಲ್ಲವಾದವು. ಚಾಳಿನ ಗೋಡೆ ತೆಳುವಾದುದರಿಂದ ಪಕ್ಕದವರಿಗೆ ಎಲ್ಲವೂ ಕೇಳುತ್ತಿತ್ತು, ಆದರೆ ಹೇಳಿಕೊಳ್ಳುವ ಬಳಕೆಯಿರಲಿಲ್ಲ. ಊರಿಗೆ ಹೋಗುವ ಕಾಗದದ ಮೊದಲ ಸಾಲು “ಇಲ್ಲಿ ನಾವೆಲ್ಲರೂ ಕ್ಷೇಮ” ಎಂದೇ ಇರುತ್ತಿತ್ತು. ಕಾಗದ ಹೋಗಿ ಫೋನು ಬಂದರೂ ಆ ಸಾಲು ಹೋಗಲಿಲ್ಲ.

ಕುಡಿತದ ವಿಷಯದಲ್ಲಿ ಮೊದಲು ಕೈಹಾಕಿದ್ದು ಕಾನೂನು. 1937ರ ಅಕ್ಟೋಬರಿನಲ್ಲಿ ರಾಜಾಜಿಯವರ ಸರಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದಿತು. ಮುಂಬಯಿ ನಗರಕ್ಕೆ ಅದು 1939ರ ಆಗಸ್ಟಿನಲ್ಲಿ ಬಂತು. 1949ರ ಕಾಯಿದೆಯಿಂದ ಇಡೀ ಪ್ರಾಂತಕ್ಕೆ ಬಿಗಿಯಾಯಿತು. ಅಲ್ಲಿ ಆರೋಗ್ಯದ ಕಾರಣಕ್ಕೆಂದು ಪರ್ಮಿಟ್ ಪಡೆದು ಕುಡಿಯುವ ಅವಕಾಶವಿತ್ತು. ಕುಡಿತ ಕಾಯಿಲೆಯೆಂದು ಒಪ್ಪದ ಕಾಲದಲ್ಲಿ ಕುಡಿಯದಿರುವುದು ಕಾಯಿಲೆಗೆ ಕಾರಣವಾಗುತ್ತದೆಂದು ಕಾಗದದ ಮೇಲೆ ಒಪ್ಪಲಾಯಿತು! ತಮಿಳುನಾಡಿನಲ್ಲಿ 1971ರಲ್ಲಿ ನಿಷೇಧ ಸಡಿಲವಾಯಿತು, 1974ರಲ್ಲಿ ಮರಳಿ ಬಂತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಈ ಕಾನೂನುಗಳ ಗುಣದೋಷ ಬೇರೆಯೇ ಚರ್ಚೆ. ನಾವು ಗಮನಿಸಬೇಕಾದದ್ದು ಇಷ್ಟು: ಕಾನೂನು ಬಾಟಲಿಯನ್ನು ನೋಡಿತು, ಬಾಟಲಿ ಹೊಕ್ಕ ಮನೆಯನ್ನು ನೋಡಲಿಲ್ಲ.

ಮನೆಯನ್ನು ನೋಡಿದವರು ಬೇರೆ. 1935ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರದ ಮನುಷ್ಯ ಮತ್ತು ಬಾಬ್ ಸ್ಮಿತ್ ಎಂಬ ವೈದ್ಯರು, ಇಬ್ಬರೂ ಕುಡಿತದಿಂದ ಹಾಳಾದವರು, ಪರಸ್ಪರ ಮಾತನಾಡುತ್ತ ಮಾತನಾಡುತ್ತ ಕುಡಿತದಿಂದ ದೂರ ಉಳಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹುಟ್ಟು. ಇದರಲ್ಲಿ ಜಾಣತನದ ಒಂದು ನಿಯಮವಿತ್ತು: ಸಭೆಗೆ ಬಂದವರು ಪೂರ್ತಿ ಹೆಸರು ಹೇಳಬೇಕಿಲ್ಲ. ನಮ್ಮ ಗಾದೆಯ ಎರಡು ತುದಿಗಳನ್ನೂ ಅವರು ಗಂಟು ಹಾಕಿದಂತಾಯಿತು. ಹೆಸರು ಗುಟ್ಟು, ವ್ಯಾಧಿ ರಟ್ಟು.

ಆದರೆ ನಮಗೆ ಹೆಚ್ಚು ಮುಖ್ಯವೆನಿಸುವುದು ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸಳ ಕಥೆ. 1918ರಲ್ಲಿ ಮದುವೆಯಾದ ಈಕೆ ಅಂಗಡಿಯಲ್ಲಿ ದುಡಿದು ಸಂಸಾರ ತೂಗಿಸಿದಳು, ಗಂಡನನ್ನು ಕುಡಿತದಿಂದ ಬಿಡಿಸಲು ಇನ್ನಿಲ್ಲದಂತೆ ಹೆಣಗಿದಳು. ಕೊನೆಗೊಮ್ಮೆ ಅವನು ಕುಡಿತ ಬಿಟ್ಟ. ಒಂದು ದಿನ “ಸಭೆಗೆ ಹೊತ್ತಾಯಿತು, ಬೇಗ ಹೊರಡು” ಎಂದು ಅವನು ಅವಸರಪಡಿಸಿದಾಗ ಆಕೆ ನಿಮ್ಮ ಸಭೆ ಹಾಳಾಗಲೆಂದು ಬೂಟು ತೆಗೆದು ಎಸೆದುಬಿಟ್ಟಳಂತೆ! ಎಸೆದ ಮೇಲೆ ಆಕೆಗೇ ಬೆರಗು. ಗಂಡ ಗುಣವಾಗಿದ್ದಾನೆ, ತನಗೇಕೆ ಈ ಸಿಟ್ಟು? ತಾನು ಅಷ್ಟು ವರ್ಷ ಮಾಡಲಾಗದ ಕೆಲಸವನ್ನು ಪರಿಚಯವಿಲ್ಲದ ಜನ ಮಾಡಿಬಿಟ್ಟರು ಎಂಬ ಸಂಕಟ ಒಂದು. ಕುಡುಕನನ್ನು ಕಾಯುವುದೇ ತನ್ನ ಬಾಳಾಗಿ ಹೋಗಿತ್ತು, ಈಗ ಮಾಡುವುದೇನು ಎಂಬುದು ಇನ್ನೊಂದು. ಅಂದರೆ ಕುಡಿತ ಬಿಟ್ಟವನ ಮನೆಯೂ ಕಾಯಿಲೆಯಿಂದ ಏಳಬೇಕಾದ ಮನೆಯೇ. ಗಂಡಂದಿರು ಒಳಗೆ ಸಭೆ ನಡೆಸುವಾಗ ಹೊರಗೆ ಕಾದಿರುತ್ತಿದ್ದ ಹೆಂಗಸರು ತಮ್ಮ ತಮ್ಮಲ್ಲಿ ಮಾತಿಗೆ ತೊಡಗಿದರು. 1951ರಲ್ಲಿ ಅದು ಆಲ್-ಅನಾನ್ ಎಂಬ ಸಂಘವಾಯಿತು. 1957ರಲ್ಲಿ ಕ್ಯಾಲಿಫೋರ್ನಿಯಾದ ಹದಿನೇಳು ವರ್ಷದ ಹುಡುಗನೊಬ್ಬ, ಅಪ್ಪ ಒಂದು ಸಭೆಗೆ ಅಮ್ಮ ಇನ್ನೊಂದು ಸಭೆಗೆ ಹೋಗುವುದನ್ನು ಕಂಡು, ತನ್ನಂಥ ಮಕ್ಕಳಿಗಾಗಿ ಬೇರೆಯೇ ಕೂಟ ಕಟ್ಟಿದ. ಅದೇ ಅಲಟೀನ್. ಅದೇ 1957ರಲ್ಲಿ ಭಾರತದಲ್ಲೂ ಅನಾನಿಮಸ್ ಸಂಘದ ಸಭೆಗಳು ಮೊದಲಾದವು. ಇದಕ್ಕೆ ಒಂದು ವರ್ಷ ಮೊದಲು, 1956ರಲ್ಲಿ, ಅಮೆರಿಕದ ವೈದ್ಯರ ಸಂಘ ಕುಡಿತದ ಚಟವನ್ನು ಕಾಯಿಲೆಯೆಂದು ಒಪ್ಪಿಕೊಂಡಿತ್ತು.

ಮನೆಯವರನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದು ಪಶ್ಚಿಮದಿಂದ ಕಲಿತ ಪಾಠವೆಂದು ಮಾತ್ರ ತಿಳಿಯಬೇಕಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಅಂಗಳದಲ್ಲಿ ಡೇರೆಗಳನ್ನು ಹಾಕಿಸಿದರು. ಒಳಗೆ ಹಾಸಿಗೆ ಸಾಲದು, ಸಿಬ್ಬಂದಿ ಸಾಲದು. ರೋಗಿಯನ್ನು ಬಿಟ್ಟುಹೋಗಲು ಬಂದ ತಾಯಿ ತಂದೆ ಅಣ್ಣ ತಮ್ಮಂದಿರನ್ನು ಅವರು ಹಿಂದಕ್ಕೆ ಕಳಿಸದೆ ಅದೇ ಡೇರೆಯಲ್ಲಿ ರೋಗಿಯ ಜೊತೆ ಉಳಿಸಿಕೊಂಡರು. ಕಾಯಿಲೆಯೆಂದರೇನೆಂದು ಅವರನ್ನು ಕೂರಿಸಿ ತಿಳಿಹೇಳಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಹೊರಟರು. ಕೈಬಿಟ್ಟು ಹೋಗುವವರು ಕಡಿಮೆಯಾದರು. ಬಡತನದಿಂದ ಹುಟ್ಟಿದ ಉಪಾಯ ಶಾಸ್ತ್ರವಾಗಿಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು 1957ರಲ್ಲಿ ತೆರೆದ ಮಾನಸಿಕ ಆರೋಗ್ಯ ಕೇಂದ್ರದಲ್ಲಿಯೂ ಮನೆಯವರೊಬ್ಬರು ರೋಗಿಯೊಡನೆ ಉಳಿಯುವುದೇ ಪದ್ಧತಿಯಾಯಿತು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಆ ದಶಕದಲ್ಲೇ ಅಲ್ಲಿ ಕುಟುಂಬವನ್ನು ಒಟ್ಟಾಗಿ ಕೂರಿಸಿ ನೋಡುವ ವಿಭಾಗವೂ ಬೆಳೆಯಿತು.

ದಾರಿ ತಪ್ಪಿದ ಮಕ್ಕಳ ಇತಿಹಾಸವೂ ಹೀಗೆಯೇ ಪೊಲೀಸು ಠಾಣೆಯಿಂದ ಮನೆಯ ಕಡೆಗೆ ನಡೆದು ಬಂದದ್ದು. ಮಕ್ಕಳಿಗೆಂದೇ ಮೊದಲ ನ್ಯಾಯಾಲಯ 1899ರಲ್ಲಿ ಶಿಕಾಗೋದಲ್ಲಿ ಆಯಿತು. ಆ ಹುಡುಗರು ಏಕೆ ಹಾಗಾದರೆಂದು ಕೇಳುವ ಕೆಲಸವನ್ನು 1909ರಿಂದ ಅದೇ ಊರಿನಲ್ಲಿ ಡಾ. ವಿಲಿಯಂ ಹೀಲಿ ಕೈಗೊಂಡರು. ನಮ್ಮಲ್ಲಿ ಮದರಾಸಿನ ಮಕ್ಕಳ ಕಾಯಿದೆ 1920ರದು, ಮುಂಬಯಿಯದು 1924ರದು. ಮುಂಬಯಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ, ಎಂದರೆ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1937ರಲ್ಲಿ ದೇಶದ ಮೊದಲ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಹುಡುಗ ಕದ್ದದ್ದೇನೆಂಬುದಕ್ಕಿಂತ ಅವನ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಮೊದಲು ಕೇಳುವ ಜಾಗ ಅದು.

ಇಲ್ಲಿ ನಮ್ಮವರದೂ ಒಂದು ಮಾತು ಸೇರಿಸದಿದ್ದರೆ ತಪ್ಪಾದೀತು. ದಕ್ಷಿಣ ಕನ್ನಡದಿಂದ ಒಂಟಿಯಾಗಿ ಬಂದು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಅವರು ಅದನ್ನು ಬಾಲಾಪರಾಧ ತಡೆಯುವ ಯೋಜನೆ ಎಂದು ಕರೆಯಲಿಲ್ಲ. ಆದರೆ ದುಡಿದು ದಣಿದ ಹುಡುಗನಿಗೆ ರಾತ್ರಿ ಎಂಟಕ್ಕೆ ಹೋಗಲು ಒಂದು ಬೆಂಚು, ಹೆಸರು ಹಿಡಿದು ಕರೆಯುವ ಒಬ್ಬ ಮಾಸ್ತರರು ಇದ್ದರೆ, ಬೀದಿಯ ಸೆಳೆತ ಅಷ್ಟರಮಟ್ಟಿಗೆ ಕಡಿಮೆಯೇ.

ಇನ್ನು ದುಃಖದ ಮಾತು. 1942ರ ನವೆಂಬರಿನಲ್ಲಿ ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಉಳಿದವರನ್ನೂ ಸತ್ತವರ ಬಂಧುಗಳನ್ನೂ ನೋಡಿದ ಡಾ. ಎರಿಕ್ ಲಿಂಡೆಮನ್ 1944ರಲ್ಲಿ ಬರೆದ ಲೇಖನ ಶೋಕದ ವೈದ್ಯಕೀಯ ಅಧ್ಯಯನಕ್ಕೆ ತಳಹದಿಯಾಯಿತು. ಅತ್ತು ಹಗುರಾಗದ ದುಃಖ ಬೇರೆ ವೇಷದಲ್ಲಿ, ಕೆಲವೊಮ್ಮೆ ವರ್ಷಗಳ ಮೇಲೆ, ಮರಳಿ ಬರುತ್ತದೆಂದು ಅವರು ಕಂಡರು. ನಮ್ಮ ಹದಿಮೂರು ದಿನದ ಆಚರಣೆಗಳು, ಬಂದು ಕೂತು ಅಳುವ ನೆಂಟರಿಷ್ಟರು, ಇದನ್ನು ಹಿಂದಿನಿಂದಲೂ ಬಲ್ಲವರಂತೆ ತೋರುತ್ತಾರೆ. ಆದರೆ ಊರಿನಲ್ಲಿ ಅಮ್ಮ ತೀರಿಕೊಂಡಳೆಂದು ರಾತ್ರಿ ಬಸ್ಸು ಹಿಡಿದು ಹೋಗಿ, ರಜೆ ಮುಗಿಯಿತೆಂದು ಐದನೆಯ ದಿನಕ್ಕೆ ಆಫೀಸಿಗೆ ಹಾಜರಾಗುವ ನಮ್ಮಂಥವರಿಗೆ ಆ ಹದಿಮೂರು ದಿನ ಸಿಗುವುದಿಲ್ಲ. ಉಳಿದ ದಿನಗಳ ಅಳು ಎಲ್ಲಿ ಹೋಗುತ್ತದೆ? ಕೆಲವರಲ್ಲಿ ಅದು ಗ್ಲಾಸಿಗೆ ಹೋಗುತ್ತದೆ.

ಕುಡಿತವೂ ಸಾವೂ ಒಂದೇ ಮನೆಯನ್ನು ಹೊಕ್ಕ ಕಥೆ ಮದರಾಸಿನದು. ಕೇಂದ್ರದ ಹಣಕಾಸು ಮಂತ್ರಿಯಾಗಿದ್ದ ಟಿ. ಟಿ. ಕೃಷ್ಣಮಾಚಾರಿಯವರ ಮನೆತನ ಪ್ರಸಿದ್ಧವಾದದ್ದು. ಆ ಮನೆಯ ಟಿ. ಟಿ. ರಂಗನಾಥನ್ ಕುಡಿತಕ್ಕೆ ಸಿಕ್ಕರು. ಹಣಕ್ಕೆ ಕೊರತೆಯಿರಲಿಲ್ಲ, ಮನೆಯವರ ಪ್ರೀತಿಗೂ ಇರಲಿಲ್ಲ. ಇಲ್ಲದಿದ್ದುದು ದೇಶದಲ್ಲಿ ಈ ಕಾಯಿಲೆಯನ್ನು ಕಾಯಿಲೆಯೆಂದು ನೋಡುವ ಚಿಕಿತ್ಸೆ. 1979ರಲ್ಲಿ, ಇನ್ನೂ ಎಳೆಯ ಪ್ರಾಯದಲ್ಲೇ, ಅವರು ತೀರಿಕೊಂಡರು. ಹೆಂಡತಿ ಶಾಂತಿ ರಂಗನಾಥನ್ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ದೊಡ್ಡ ಮನೆತನದ ಮಾನ ಎಂದು ಸಾವಿನ ಕಾರಣವನ್ನು ಬೇರೆ ಹೇಳಬಹುದಿತ್ತು. ಯಾರೂ ತಪ್ಪೆನ್ನುತ್ತಿರಲಿಲ್ಲ. ಆಕೆ ಅಮೆರಿಕಕ್ಕೆ ಹೋಗಿ ವ್ಯಸನ ಚಿಕಿತ್ಸೆಯ ತರಬೇತಿ ಪಡೆದು ಬಂದರು. 1980ರಲ್ಲಿ ಗಂಡನ ಹೆಸರಿನಲ್ಲೇ ಸಂಸ್ಥೆ ಕಟ್ಟಿದರು. ಕುಡಿತದಿಂದ ಸತ್ತವನ ಹೆಸರನ್ನು ಬಾಗಿಲ ಮೇಲೆ ಬರೆಸುವುದೆಂದರೆ ಗುಟ್ಟನ್ನು ರಟ್ಟು ಮಾಡುವುದರಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನಮಗೆ ತಿಳಿದಂತೆ ಇಲ್ಲ. 1987ರಲ್ಲಿ ಟಿ.ಟಿ.ಕೆ. ಆಸ್ಪತ್ರೆ ತೆರೆಯಿತು. ಅಲ್ಲಿ ರೋಗಿಗೆ ಚಿಕಿತ್ಸೆ ನಡೆಯುವಾಗಲೇ ಹೆಂಡತಿಗೋ ತಾಯಿಗೋ ಪ್ರತ್ಯೇಕ ಕಾರ್ಯಕ್ರಮ ನಡೆಯುತ್ತದೆ. ಅವನ ಪರವಾಗಿ ಆಫೀಸಿಗೆ ಸುಳ್ಳು ಹೇಳುವುದು, ಸಾಲ ತೀರಿಸುವುದು, ಬಾಟಲಿ ಅಡಗಿಸುವುದು ಇವೆಲ್ಲ ಪ್ರೀತಿಯಿಂದ ಮಾಡಿದರೂ ಕಾಯಿಲೆಗೇ ನೀರೆರೆಯುತ್ತವೆ ಎಂಬುದನ್ನು ಅವರು ಕಲಿಯುತ್ತಾರೆ. 1989ರಿಂದ ಕಾವೇರಿ ಸೀಮೆಯ ಮಂಜಕ್ಕುಡಿ ಎಂಬ ಹಳ್ಳಿಯಲ್ಲಿ ಊರವರ ನೆರವಿನಿಂದಲೇ ಶಿಬಿರಗಳು ನಡೆದವು. 1992ರಲ್ಲಿ ಶಾಂತಿಯವರಿಗೆ ಪದ್ಮಶ್ರೀ ಬಂತು.

ಮುಂಬಯಿಯ ಬಾಂದ್ರಾದಲ್ಲಿ 1981ರಲ್ಲಿ ಫಾದರ್ ಜೋ ಪೆರೇರಾ ಕೃಪಾ ಪ್ರತಿಷ್ಠಾನವನ್ನು ಆರಂಭಿಸಿದರು. ಚಟ ಬಿಟ್ಟವರ ದೇಹವನ್ನು ಮರಳಿ ಕಟ್ಟಲು ಅವರು ಬಳಸಿದ ಯೋಗವನ್ನು ಕಲಿಸಿದವರು ಪುಣೆಯ ಬಿ. ಕೆ. ಎಸ್. ಅಯ್ಯಂಗಾರ್, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆ ಸೇರಿದ ನಮ್ಮವರೇ. ಆ ಪುಣೆಯಲ್ಲೇ 1980ರ ದಶಕದಲ್ಲಿ ಬ್ರೌನ್ ಶುಗರ್ ಎಂಬ ಹೊಸ ಪಿಡುಗು ಕಾಲೇಜು ಹುಡುಗರನ್ನು ಹಿಡಿಯಿತು. ಡಾ. ಅನಿಲ್ ಅವಚಟ್ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ ಲೇಖನಗಳನ್ನು ಓದಿ ಮರಾಠಿಯ ಪ್ರಸಿದ್ಧ ಲೇಖಕ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ದಂಪತಿ ಹಣ ಕೊಟ್ಟರು. 1986ರ ಆಗಸ್ಟಿನಲ್ಲಿ ಯೆರವಾಡ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಮುಕ್ತಾಂಗಣ ಹುಟ್ಟಿತು. ಅದನ್ನು ಬೆಳೆಸಿದವರು ಅನಿಲರ ಪತ್ನಿ, ವೈದ್ಯೆ ಅನೀತಾ ಅವಚಟ್. 1997ರಲ್ಲಿ ಅವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ, ಮಗಳು ಮುಕ್ತಾ ವಹಿಸಿಕೊಂಡರು. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು 1990ರ ದಶಕದಿಂದ ನಡೆಸುತ್ತ ಬಂದ ಮದ್ಯವರ್ಜನ ಶಿಬಿರಗಳ ವಿಶೇಷವೂ ಇದೇ: ಶಿಬಿರಕ್ಕೆ ಮನೆಯವರೂ ಬರುತ್ತಾರೆ, ಮುಗಿದ ಮೇಲೆ ಬಿಟ್ಟವರೆಲ್ಲ ಸೇರಿ ನವಜೀವನ ಸಮಿತಿ ಕಟ್ಟಿಕೊಳ್ಳುತ್ತಾರೆ.

ಇಷ್ಟು ಬಾಗಿಲುಗಳು ತೆರೆದಿದ್ದರೂ ಹೊರನಾಡಿನ ನಮಗೆ ಒಂದು ತೊಡಕು ಉಳಿದಿದೆ. ಪುಣೆಯ ಸಲಹೆಗಾರ್ತಿ ಮರಾಠಿಯಲ್ಲಿ ಕೇಳುತ್ತಾಳೆ, ಚೆನ್ನೈಯವಳು ತಮಿಳಿನಲ್ಲಿ. ಮಗ ಆ ಭಾಷೆಯಲ್ಲೇ ಬೆಳೆದವನು, ಪಟಪಟ ಉತ್ತರಿಸುತ್ತಾನೆ. ಅಮ್ಮ ತರಕಾರಿ ಕೊಳ್ಳುವಷ್ಟು ಮರಾಠಿ ಬಲ್ಲವಳು; ಗಂಡ ಹೊಡೆದದ್ದನ್ನು, ಮಗ ಬಳೆ ಕದ್ದದ್ದನ್ನು ಹೇಳುವಷ್ಟು ಬಲ್ಲವಳಲ್ಲ. ಆಗ ದುಭಾಷಿಯಾಗಿ ನಡುವೆ ಕೂರುವವನು ಮಗನೇ. ತನ್ನ ಮೇಲಿನ ದೂರನ್ನು ತಾನೇ ಅನುವಾದಿಸಬೇಕಾದ ಹದಿನೈದರ ಹುಡುಗ ಎಷ್ಟು ಹೇಳಿಯಾನು, ಎಷ್ಟು ನುಂಗಿಯಾನು! ಹಬ್ಬಕ್ಕೆ ಹರಟೆಗೆ ನಾಟಕಕ್ಕೆಂದು ಕೂಡುವ ನಮ್ಮ ಸಂಘಗಳಲ್ಲಿ ಇಂಥ ಹೊತ್ತಿನಲ್ಲಿ ಅಮ್ಮನ ಪಕ್ಕ ಕೂತು, ಕೇಳಿದ್ದನ್ನು ಹೊರಗೆ ಆಡದೆ, ಮಾತು ದಾಟಿಸಿಕೊಡಬಲ್ಲ ಇಬ್ಬರು ಹಿರಿಯ ಹೆಂಗಸರು ಸಿಗಲಾರರೆ? ರಾತ್ರಿಶಾಲೆ ನಡೆಸಿದವರ ಮೊಮ್ಮಕ್ಕಳಿಗೆ ಇದು ಆಗದ ಕೆಲಸವೆಂದು ನಮಗೆ ತೋರುವುದಿಲ್ಲ.

ಅಲ್ಲಿಯವರೆಗೆ ಒಂದು ದೂರವಾಣಿಯಾದರೂ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉತ್ತರಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಇಪ್ಪತ್ತು ಭಾಷೆಗಳಲ್ಲಿ ನಡೆಯುವ ಈ ಸೇವೆಯಲ್ಲಿ ಕನ್ನಡವೂ ಒಂದು.