ಹೊಳೆ ದಾಟಿದರೇ ಕಚೇರಿ: ಸಗರ ನಾಡಿನ ಕಥೆ

ಬೆಂಗಳೂರಿನಲ್ಲಿ ಯಾರಾದರೂ "ನಿಮ್ಮದು ಯಾವ ಕಡೆ?" ಅಂತ ಕೇಳಿದಾಗ "ಸಗರ ನಾಡು" ಅಂದರೆ, "ಓ, ಜೋಗದ ಹತ್ತಿರದ ಸಾಗರನಾ?" ಅನ್ನುವವರೇ ಜಾಸ್ತಿ. ಒಂದು ದೀರ್ಘ ಸೇರಿಸಿದ್ದಕ್ಕೆ ನಮ್ಮ ಬಿಸಿಲ ನಾಡು ಮಲೆನಾಡೇ ಆಗಿಬಿಡುತ್ತದೆ! ಹಾಗಾಗಿ ಈ ಸಲ ಸಗರ ಅಂದರೆ ಎಲ್ಲಿ, ಅದನ್ನು ಯಾರು ಯಾರು ಎಲ್ಲಿಂದ ಆಳಿದರು ಅನ್ನುವುದನ್ನು ಸ್ವಲ್ಪ ಬರೆಯೋಣ ಅನ್ನಿಸಿತು.

ಮೊದಲು ನಕ್ಷೆ. ದಕ್ಷಿಣಕ್ಕೆ ಕೃಷ್ಣಾ, ಉತ್ತರಕ್ಕೆ ಮತ್ತು ಪೂರ್ವಕ್ಕೆ ಭೀಮಾ. ಇವೆರಡರ ನಡುವೆ ಶಹಾಪುರ, ಸುರಪುರ. ಎರಡೂ ಹೊಳೆಗಳು ಮುಂದೆ ರಾಯಚೂರಿನ ಗಡಿಯಲ್ಲಿ ಕೂಡುತ್ತವೆ. ಯಾದಗಿರಿ ಪಟ್ಟಣ ಮಾತ್ರ ಭೀಮೆಯ ಆಚೆ ದಂಡೆಯಲ್ಲಿದೆ. ಈ ಒಂದು ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ನೆಲದಲ್ಲಿ ಮನುಷ್ಯ ಬಂದು ನೆಲೆಸಿದ್ದು ಯಾವಾಗ ಅಂದರೆ ನಂಬುವುದು ಕಷ್ಟ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕ ಆದಿಮಾನವನ ಕಲ್ಲಿನ ಆಯುಧಗಳ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು ಅಂತ ಕಾಲನಿರ್ಣಯವಾಗಿದೆ. ಆಗ ಜಿಲ್ಲೆ, ತಾಲೂಕು, ತಹಸೀಲ್ದಾರ್ ಯಾರೂ ಇರಲಿಲ್ಲ, ಪಾಪ ನೆಮ್ಮದಿಯಾಗಿದ್ದರು :-)

ಆಡಳಿತದ ಕಥೆ ಶುರುವಾಗುವುದು ಶಾಸನಗಳ ಕಾಲಕ್ಕೆ. ಬನವಾಸಿ 12000, ಬೆಳ್ವೊಲ 300 ಅಂತ ಓದಿರುತ್ತೀರಲ್ಲ, ಹಾಗೆಯೇ ಇದು ಸಗರ 300. ಹೆಸರು ಕೊಟ್ಟ ಸಗರ ಇವತ್ತು ಶಹಾಪುರ ತಾಲೂಕಿನ ಒಂದು ಹಳ್ಳಿ. ಆದರೆ ಬಹಮನಿಗಳ ಕಾಲದಲ್ಲಿ ಅದು ಕೋಟೆ, ಅಧಿಕಾರಿ, ಸೈನ್ಯ ಎಲ್ಲ ಇದ್ದ ದೊಡ್ಡ ಠಾಣೆ. 1397ರಲ್ಲಿ ಗುಲಬರ್ಗಾದ ಅರಮನೆಯಲ್ಲಿ ಗದ್ದುಗೆ ಜಗಳ ಎದ್ದಾಗ ಫಿರೋಜ್ ಮತ್ತು ಅವನ ತಮ್ಮ ಅಹಮದ್ ಓಡಿ ಬಂದು ಆಶ್ರಯ ಪಡೆದಿದ್ದು ಇಲ್ಲೇ. ಅದೇ ವರ್ಷ ಫಿರೋಜ್ ಸುಲ್ತಾನನಾದ. ಸಗರಕ್ಕೆ ನುಸ್ರತಾಬಾದ್ ಅನ್ನುವ ಹೆಸರೂ ಇತ್ತು. ದಾಖಲೆಯಲ್ಲಿ ಏನೇ ಬರೆದುಕೊಳ್ಳಲಿ, ಜನರ ಬಾಯಲ್ಲಿ ಉಳಿದಿದ್ದು ಸಗರವೇ.

ಆಮೇಲೆ ಬಂದವರು ಸುರಪುರದ ಬೇಡ ನಾಯಕರು. 1705ರಲ್ಲಿ ವಾಗಿನಗೇರಾ ಕೋಟೆಗೆ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿ ಕೂತ. ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಕೈಗೆ ಬರುವ ಹೊತ್ತಿಗೆ ಪಿಡ್ಡ ನಾಯಕ ತಪ್ಪಿಸಿಕೊಂಡು ಹೋಗಿದ್ದ! ಎರಡು ವರ್ಷಕ್ಕೆ ಬಾದಶಹ ತೀರಿಕೊಂಡ. ನಾಯಕರ ಸಂಸ್ಥಾನ ಮಾತ್ರ ಸುರಪುರದಲ್ಲಿ ಇನ್ನೂ ಒಂದೂವರೆ ಶತಮಾನ ನಡೆಯಿತು.

1841ರಲ್ಲಿ ಮೆಡೋಸ್ ಟೇಲರ್ ಬ್ರಿಟಿಷರ ಪರವಾಗಿ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಆಗಿನ್ನೂ ಹುಡುಗ. ಟೇಲರ್ 1853ರ ತನಕ ಇಲ್ಲೇ ಮನೆ ಕಟ್ಟಿಕೊಂಡು ಆಡಳಿತ ನಡೆಸಿದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಹುಡುಗ ಅವನನ್ನು "ಅಪ್ಪಾ" ಅಂತಲೇ ಕರೆಯುತ್ತಿದ್ದನಂತೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆ ಸಿಕ್ಕು, ಅದೇ ವರ್ಷ ಗುಂಡಿಗೆ ಬಲಿಯಾದ. 1860ರ ಒಪ್ಪಂದದಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು. 1857ರಲ್ಲಿ ತಮ್ಮ ಪರ ನಿಂತಿದ್ದಕ್ಕೆ ಇನಾಮು!

ನನಗೆ ಮುಖ್ಯ ಅನ್ನಿಸುವುದು ಇಲ್ಲಿಂದ ಮುಂದಿನದು. ಇಲ್ಲಿಯವರೆಗೆ ಆಳುವವರು ಕೆಟ್ಟವರೋ ಒಳ್ಳೆಯವರೋ, ಈ ನಾಡಿನೊಳಗೇ ಒಂದು ಗದ್ದುಗೆ ಇತ್ತು. 1865ರಲ್ಲಿ ಸಾಲಾರ್ ಜಂಗ್ ಹೈದರಾಬಾದ್ ಸಂಸ್ಥಾನದಲ್ಲಿ ಜಿಲ್ಲಾಬಂದಿ ಮಾಡಿದ. ಆ ವ್ಯವಸ್ಥೆಯಲ್ಲಿ ಶಹಾಪುರ, ಸುರಪುರ ಎರಡೂ ಲಿಂಗಸುಗೂರು ಜಿಲ್ಲೆಗೆ ಸೇರಿದವು. ಲಿಂಗಸುಗೂರು ಎಲ್ಲಿದೆ? ಕೃಷ್ಣೆಯ ಆಚೆ! 1905ರಲ್ಲಿ ಆ ಜಿಲ್ಲೆಯನ್ನೇ ರದ್ದು ಮಾಡಿ ನಮ್ಮ ಎರಡು ತಾಲೂಕುಗಳನ್ನು ಗುಲಬರ್ಗಾಕ್ಕೆ ಸೇರಿಸಿದರು. ಗುಲಬರ್ಗಾ ಎಲ್ಲಿದೆ? ಭೀಮೆಯ ಆಚೆ. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಜಿಲ್ಲಾ ಕಚೇರಿ ಇದ್ದಲ್ಲೇ ಇತ್ತು. ಸುರಪುರದಿಂದ ನೂರು ಕಿಲೋಮೀಟರಿಗೂ ಮೇಲೆ, ನಾರಾಯಣಪುರದ ಕಡೆಯವರಿಗೆ ಇನ್ನೂ ದೂರ. ಒಂದು ಸಹಿಗೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ.

10 ತಾಲೂಕುಗಳಿದ್ದ ಆ ಜಿಲ್ಲೆ ಒಡೆದಿದ್ದು 2009ರ ಡಿಸೆಂಬರ್ 30ರಂದು. ಯಾದಗಿರಿ, ಶಹಾಪುರ, ಸುರಪುರ ಸೇರಿ ರಾಜ್ಯದ 30ನೇ ಜಿಲ್ಲೆ ಆಯಿತು. ಜಿಲ್ಲಾ ಕೇಂದ್ರ ಯಾದಗಿರಿ. ಈಗ ಮೊದಲು ಹೇಳಿದ ಮಾತು ನೆನಪಿಸಿಕೊಳ್ಳಿ... ಅದೂ ಹೊಳೆಯ ಆಚೆಯೇ!

ಇದನ್ನು ದೂರು ಅಂತ ತಿಳಿಯಬೇಡಿ. ಯಾದಗಿರಿಗೆ ಕೇಂದ್ರವಾಗಲು ಕಾರಣಗಳಿದ್ದವು. 1871ರಲ್ಲಿ ರಾಯಚೂರು ಮುಟ್ಟಿದ ಮುಂಬಯಿ–ಮದ್ರಾಸ್ ರೈಲು ಹಾದು ಹೋಗಿದ್ದು ಯಾದಗಿರಿಯ ಮೇಲೆ. ಆ ಹಳಿ ಭೀಮೆಯ ಆ ಬದಿಯಲ್ಲೇ ಸಾಗಿ, ಸಂಗಮದ ಕೆಳಗೆ ಕೃಷ್ಣೆಯನ್ನು ದಾಟುತ್ತದೆ. ಶಹಾಪುರ, ಸುರಪುರದ ಕಡೆ ತಿರುಗಿಯೂ ನೋಡಲಿಲ್ಲ. ರೈಲು ಇರುವಲ್ಲಿ ಸಂತೆ, ಸಂತೆ ಇರುವಲ್ಲಿ ಕಚೇರಿ. ಇನ್ನು ಈ ನಾಡಿನ ಮೇಲೆ ಹಾಯುವ ಗದಗ–ವಾಡಿ ಮಾರ್ಗದ ಮೇಲೆ ನಮ್ಮವರ ಆಸೆ.

ಹೊಸ ಜಿಲ್ಲೆಯಿಂದ ಲಾಭವೂ ಆಗಿದೆ. ಸುರಪುರದವರಿಗೆ ಜಿಲ್ಲಾ ಕಚೇರಿಯ ದಾರಿ ಅರ್ಧಕ್ಕೆ ಇಳಿಯಿತು. 2017ರಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್ ಇದ್ದವು. ಅಂದರೆ ತಹಸೀಲ್ದಾರ್ ಕಚೇರಿಯಾದರೂ ಹತ್ತಿರ ಬಂತು.

ಆದರೆ ಕಚೇರಿ ಹತ್ತಿರ ಬಂದರೆ ಸಾಕೇ? 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಆಯಿತು. ಎಡದಂಡೆ ಕಾಲುವೆಯ ನೀರು ಬಂದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ನೀರು ಮುಟ್ಟದ ಊರುಗಳ ಜನ ಬೇಸಿಗೆಗೆ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುವುದು ತಪ್ಪಿಲ್ಲ. ಇಲ್ಲಿನ ಐಟಿ ಕಟ್ಟಡಗಳ ಗಾರೆ ಕೆಲಸದವರ ಮಾತಿಗೆ ಕಿವಿ ಕೊಟ್ಟು ನೋಡಿ, "ಎಲ್ಲಿ ಹೊಂಟೀರಿ?" ಅನ್ನುವ ನಮ್ಮ ಕಡೆಯ ದನಿ ಕೇಳುತ್ತದೆ. ಕೆಲಸಕ್ಕೆ ಹೋದ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಉಳಿಯುತ್ತದೆ.

ಇಷ್ಟೆಲ್ಲ ಗೆರೆ ಎಳೆದು ಅಳಿಸಿದರೂ ಸಗರ ಅನ್ನುವ ಹೆಸರಿನ ಜಿಲ್ಲೆಯೂ ಇಲ್ಲ, ತಾಲೂಕೂ ಇಲ್ಲ. ಆದರೂ ಜನ "ನಮ್ಮದು ಸಗರ ನಾಡು" ಅನ್ನುವುದನ್ನು ಬಿಟ್ಟಿಲ್ಲ. ಶಾಸನದ 300 ಹಳ್ಳಿಗಳ ನಾಡಿಗೆ ಎಲ್ಲೂ ಕಚೇರಿ ಇಲ್ಲ, ಮೊಹರು ಇಲ್ಲ, ಹೆಸರು ಮಾತ್ರ ಗಟ್ಟಿಯಾಗಿದೆ. ಮುಂದಿನ ಜನಗಣತಿಯ ಅಂಕಿ ಬಂದಾಗ ನಾನು ಮೊದಲು ನೋಡುವುದು ಆ 51.83 ಎಷ್ಟಾಗಿದೆ ಅಂತ. ಹೊಸ ಜಿಲ್ಲೆ ನಿಜವಾಗಿ ಹೊಳೆ ದಾಟಿ ಬಂತೋ ಇಲ್ಲವೋ ಅನ್ನುವುದಕ್ಕೆ ಅದೇ ಸಾಕ್ಷಿ.

ನಿಮ್ಮ ಊರು ಹೀಗೆ ಎಷ್ಟು ಜಿಲ್ಲೆ ಕಂಡಿದೆ? ಮನೆಯಲ್ಲಿ ಹಳೇ ಪಹಣಿ, ಹಳೇ ಕಾಗದ ಇದ್ದರೆ ತೆಗೆದು ನೋಡಿ, ಮೇಲೆ ಯಾವ ಜಿಲ್ಲೆ ಅಂತ ಬರೆದಿದೆಯೋ ತಿಳಿಸಿ.