ಜಾನ್ ರೇ: ಧ್ರುವಪ್ರದೇಶದಿಂದ ಕಹಿಸತ್ಯ ತಂದ ಅನ್ವೇಷಕ

ಹತ್ತೊಂಬತ್ತನೇ ಶತಮಾನದ ಉತ್ತರ ಧ್ರುವಪ್ರದೇಶದ ಅನ್ವೇಷಕರಲ್ಲಿ ಜಾನ್ ರೇ (1813–1893) ಪ್ರಮುಖರು. ಆದರೆ ಬ್ರಿಟನ್ ಕೇಳಲು ಬಯಸದ ಸುದ್ದಿಯೊಂದನ್ನು ತಂದ ಕಾರಣ ಅವರ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಜನಿಸಿದ ರೇ, ಎಡಿನ್‌ಬರೊದಲ್ಲಿ ವೈದ್ಯಶಿಕ್ಷಣ ಪಡೆದರು. ಬಳಿಕ ಹಡ್ಸನ್ ಬೇ ಕಂಪೆನಿಯ ವೈದ್ಯರಾಗಿ ಕೆನಡಾದ ಮೂಸ್ ಫ್ಯಾಕ್ಟರಿ ಠಾಣೆಯಲ್ಲಿ ಸುಮಾರು 10 ವರ್ಷ ಕಳೆದರು. ಹಿಮದ ಮೇಲೆ ನಡೆಯುವುದು, ಬೇಟೆಯಾಡುವುದು, ಹಿಮದ ಗುಡಿಸಲು ಕಟ್ಟುವುದು ಮೊದಲಾದ ವಿದ್ಯೆಗಳನ್ನು ಸ್ಥಳೀಯ ಕ್ರೀ ಮತ್ತು ಇನ್ಯೂಟ್ ಜನರಿಂದ ಕಲಿತರು. ನೌಕಾಪಡೆಯ ತಂಡಗಳು ಭಾರೀ ಹಡಗುಗಳನ್ನೂ ಡಬ್ಬಿಯ ಆಹಾರವನ್ನೂ ನೆಚ್ಚಿದ್ದ ಕಾಲದಲ್ಲಿ, 1846–47ರ ತಮ್ಮ ಮೊದಲ ಯಾತ್ರೆಯಲ್ಲೇ ರೇ ಚಿಕ್ಕ ತಂಡದೊಂದಿಗೆ ಹೆಚ್ಚಾಗಿ ಬೇಟೆ, ಮೀನುಗಳನ್ನೇ ನಂಬಿ ಚಳಿಗಾಲ ಕಳೆದರು.

ಫ್ರಾಂಕ್ಲಿನ್ ಶೋಧ

ಅಟ್ಲಾಂಟಿಕ್‌ನಿಂದ ಅಮೆರಿಕ ಖಂಡದ ಉತ್ತರ ಅಂಚಿನ ಮೂಲಕ ಪೆಸಿಫಿಕ್ ತಲುಪುವ ‘ವಾಯವ್ಯ ಮಾರ್ಗ’ವನ್ನು ಹುಡುಕಲು ಸರ್ ಜಾನ್ ಫ್ರಾಂಕ್ಲಿನ್ 1845ರಲ್ಲಿ ಎರೆಬಸ್ ಮತ್ತು ಟೆರರ್ ಎಂಬ ಹಡಗುಗಳಲ್ಲಿ ಹೊರಟಿದ್ದರು. ಅವರೂ ಸೇರಿ 129 ಮಂದಿ ಮರಳಲಿಲ್ಲ. ಅವರ ಶೋಧಕ್ಕೆ ಹಲವು ತಂಡಗಳು ತೆರಳಿದವು. ರೇ ಕೂಡ ಅದರಲ್ಲಿ ಪಾಲ್ಗೊಂಡರು.

1854ರಲ್ಲಿ ಸಮೀಕ್ಷೆಗೆಂದು ಹೋಗಿದ್ದ ರೇ ಅವರಿಗೆ ಪೆಲ್ಲಿ ಕೊಲ್ಲಿಯ ಬಳಿ ಇನ್ಯೂಟರಿಂದ ಸುಳಿವು ದೊರೆಯಿತು. ಬಿಳಿಯರ ತಂಡವೊಂದು ಹಸಿವಿನಿಂದ ಸತ್ತಿತೆಂದೂ, ಕೊನೆಗೆ ಅವರು ಸಹಚರರ ಶವಗಳನ್ನೇ ತಿಂದಿದ್ದರೆಂದೂ ಅವರು ತಿಳಿಸಿದರು. ಫ್ರಾಂಕ್ಲಿನ್ ತಂಡದ ಬೆಳ್ಳಿ ಚಮಚಗಳನ್ನು ರೇ ಅವರಿಂದ ಕೊಂಡುತಂದರು. ಅದೇ ಯಾತ್ರೆಯಲ್ಲಿ ಕಿಂಗ್ ವಿಲಿಯಂ ಪ್ರದೇಶವು ದ್ವೀಪವೆಂದು ತಿಳಿದುಬಂತು. ಅದರ ಪೂರ್ವದ ಜಲಸಂಧಿಗೆ ಇಂದು ರೇ ಅವರ ಹೆಸರಿದೆ. ವಾಯವ್ಯ ಮಾರ್ಗವನ್ನು ಹಡಗಿನಲ್ಲಿ ಮೊದಲು ಕ್ರಮಿಸಿದ ಅಮುಂಡ್‌ಸೆನ್ 1903–06ರ ಯಾನದಲ್ಲಿ ಸಾಗಿದ್ದು ಇದೇ ಜಲಸಂಧಿಯಲ್ಲಿ.

ಅಪನಂಬಿಕೆ, ಸಮರ್ಥನೆ

ರೇ ಅವರ ವರದಿ ಪತ್ರಿಕೆಗಳಲ್ಲಿ ಪ್ರಕಟವಾದಾಗ ಬ್ರಿಟನ್ ಕೆರಳಿತು. ಫ್ರಾಂಕ್ಲಿನ್‌ರ ಪತ್ನಿ ಅದನ್ನು ವಿರೋಧಿಸಿದರು. ಖ್ಯಾತ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಮ್ಮ ಪತ್ರಿಕೆಯಲ್ಲಿ ಇನ್ಯೂಟರ ಮಾತು ನಂಬಲರ್ಹವಲ್ಲವೆಂದು ಬರೆದರು. 1856ರಲ್ಲಿ ರೇ ಮತ್ತು ಸಂಗಡಿಗರಿಗೆ 10,000 ಪೌಂಡ್ ಬಹುಮಾನ ಸಂದಿತಾದರೂ, ಇತರ ಹಲವು ಅನ್ವೇಷಕರಿಗೆ ದೊರೆತ ‘ಸರ್’ ಪದವಿ ರೇ ಅವರಿಗೆ ದಕ್ಕಲಿಲ್ಲ.

1997ರಲ್ಲಿ ಪ್ರಕಟವಾದ ಅಧ್ಯಯನವು ಫ್ರಾಂಕ್ಲಿನ್ ತಂಡದವರ ಮೂಳೆಗಳ ಮೇಲೆ ಚಾಕುವಿನ ಗುರುತುಗಳನ್ನು ದೃಢಪಡಿಸಿತು. 2014ರಲ್ಲಿ ಎರೆಬಸ್, 2016ರಲ್ಲಿ ಟೆರರ್ ಸಮುದ್ರತಳದಲ್ಲಿ ಪತ್ತೆಯಾದವು. ಎರಡೂ ಶೋಧಗಳಿಗೆ ಇನ್ಯೂಟರ ಮಾಹಿತಿ ನೆರವಾಯಿತು. ಅಂಥ ಗುರುತುಗಳಿದ್ದ ದವಡೆಯೊಂದು ಎರೆಬಸ್‌ನ ಕ್ಯಾಪ್ಟನ್ ಜೇಮ್ಸ್ ಫಿಟ್ಸ್‌ಜೇಮ್ಸ್ ಅವರದೆಂದು 2024ರಲ್ಲಿ ಡಿಎನ್‌ಎ ಪರೀಕ್ಷೆ ತಿಳಿಸಿತು. ಡಿಕನ್ಸ್ ತಳ್ಳಿಹಾಕಿದ್ದ ಇನ್ಯೂಟರ ಸಾಕ್ಷ್ಯ 170 ವರ್ಷಗಳ ಬಳಿಕವೂ ನಿಜವೆಂದೇ ಸಾಬೀತಾಗುತ್ತಿದೆ.