‘ಬೇಡದ ಕೂದಲು’ ಮತ್ತು ಒಂದು ಸೂಜಿ

ಚರ್ಮಚಿಕಿತ್ಸಾ ಕೇಂದ್ರವೊಂದರ ಕರಪತ್ರವನ್ನು ಈಚೆಗೆ ಕನ್ನಡಕ್ಕೆ ತರುತ್ತಿದ್ದೆ. ಇಂಗ್ಲಿಷಿನಲ್ಲಿ ಲೇಸರಿಗೆ ‘ಪರ್ಮನೆಂಟ್ ರಿಡಕ್ಷನ್’ ಎಂದೂ ಎಲೆಕ್ಟ್ರಾಲಿಸಿಸ್‌ಗೆ ‘ಪರ್ಮನೆಂಟ್ ರಿಮೂವಲ್’ ಎಂದೂ ಇತ್ತು. ಅವರ ಹಳೆಯ ಕನ್ನಡ ಪ್ರತಿಯಲ್ಲಿ ಎರಡಕ್ಕೂ ‘ಶಾಶ್ವತ ನಿವಾರಣೆ’. ಇದು ಪದದ ಹಟವಷ್ಟೇ ಆಗಿದ್ದರೆ ಬಿಡಬಹುದಿತ್ತು. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೂಡ ಲೇಸರಿಗೆ ‘ಶಾಶ್ವತ ಇಳಿಕೆ’ ಎನ್ನಲಷ್ಟೇ ಬಿಡುತ್ತದೆ. ‘ತೆಗೆಯುತ್ತದೆ’ ಎಂಬ ಮಾತು ಸೂಜಿಗೇ ಉಳಿದಿದೆ.

ಆ ಸೂಜಿ ಹುಟ್ಟಿದ್ದು ಕಣ್ಣಿನ ವೈದ್ಯರ ಕೈಯಲ್ಲಿ. ಕೆಲವರಿಗೆ ರೆಪ್ಪೆಗೂದಲು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಉಜ್ಜುತ್ತದೆ. ಚಿಮಟದಿಂದ ಕಿತ್ತರೂ ಮತ್ತೆ ಬರುತ್ತದೆ. ಸೇಂಟ್ ಲೂಯಿಸ್ ನಗರದ ಚಾರ್ಲ್ಸ್ ಮಿಷೆಲ್ ಬ್ಯಾಟರಿಯ ಋಣ ತುದಿಗೆ ಸಣ್ಣ ಸೂಜಿ ಜೋಡಿಸಿ, ಅದನ್ನು ರೆಪ್ಪೆಗೂದಲಿನ ಬುಡಕ್ಕೆ ಇಳಿಸಿದರು. 1875ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಅಲ್ಲಿ ಕರೆಂಟು ಕೂದಲನ್ನು ಸುಡುವುದಿಲ್ಲ. ಚರ್ಮದೊಳಗಿನ ಉಪ್ಪುನೀರನ್ನು ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕಟುಕ್ಷಾರ ಹುಟ್ಟಿಸುತ್ತದೆ. ಬೇರನ್ನು ಕೊಲ್ಲುವುದು ಅದು. ಬೇರು ಸತ್ತ ಕೂದಲು ಎಳೆಯದೆಯೇ ಜಾರಿ ಬರುತ್ತದೆ. ಗ್ರೀಕಿನ ‘ಲೈಸಿಸ್’ ಎಂದರೆ ಸಡಿಲಿಸುವುದು. ಹೆಸರು ಇಲ್ಲಿ ಚೆನ್ನಾಗಿ ಒಪ್ಪುತ್ತದೆ.

ಕೆಲವೇ ವರ್ಷಗಳಲ್ಲಿ ಅದೇ ಊರಿನ ಚರ್ಮವೈದ್ಯ ವಿಲಿಯಂ ಹಾರ್ಡವೇ ಅದನ್ನು ಹೆಂಗಸರ ಮುಖದ ಕೂದಲಿಗೆ ಬಳಸಿದರು. 1886ರಲ್ಲಿ ನ್ಯೂಯಾರ್ಕಿನ ಜಾರ್ಜ್ ಹೆನ್ರಿ ಫಾಕ್ಸ್ ಈ ಬಗ್ಗೆ ಪುಸ್ತಕವನ್ನೇ ಬರೆದರು. ಅದರ ಶೀರ್ಷಿಕೆಯಲ್ಲಿ ಈ ಕೂದಲಿಗೆ ‘ಸೂಪರ್‌ಫ್ಲುಅಸ್’, ಅಂದರೆ ‘ಹೆಚ್ಚುವರಿ’, ಎಂಬ ವಿಶೇಷಣ. ಗಂಡಸಿನ ಗಲ್ಲದ ಮೇಲೆ ಯಾರೂ ಹೆಚ್ಚುವರಿ ಎನ್ನದ ಕೂದಲು ಹೆಣ್ಣಿನ ಗಲ್ಲದ ಮೇಲೆ ಚಿಕಿತ್ಸೆ ಬೇಡುವ ವಸ್ತುವಾಯಿತು.

ಸೂಜಿಯ ತೊಂದರೆ ಅದರ ನಿಧಾನ. ಒಂದೊಂದೇ ಕೂದಲು, ಒಂದೊಂದಕ್ಕೂ ನೋವು, ತಿಂಗಳುಗಟ್ಟಲೆ ಓಡಾಟ. ನೋವಿಲ್ಲದ ದಾರಿ ತೋರಿಸಿದವರ ಹಿಂದೆ ಜನ ಹೋದದ್ದು ಸಹಜ. ಎಕ್ಸ್‌ರೇ ಪತ್ತೆಯಾದ ಮರುವರ್ಷವೇ, 1896ರಲ್ಲಿ, ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಅದರಿಂದ ಕೂದಲು ಉದುರಿಸಿ ತೋರಿಸಿದ್ದರು. 1920ರ ದಶಕದ ಅಮೆರಿಕದಲ್ಲಿ ‘ಟ್ರೈಕೋ’ ಎಂಬ ಎಕ್ಸ್‌ರೇ ಯಂತ್ರಗಳು ಬ್ಯೂಟಿ ಪಾರ್ಲರುಗಳಿಗೆ ಬಂದವು. ಕೂದಲೇನೋ ನೋವಿಲ್ಲದೆ ಉದುರಿತು. ವರ್ಷಗಳ ಮೇಲೆ ಅದೇ ಮುಖಗಳಲ್ಲಿ ಚರ್ಮ ಸುಕ್ಕಾಗಿ, ಹುಣ್ಣಾಗಿ, ಕೆಲವರಿಗೆ ಕ್ಯಾನ್ಸರ್ ಬಂತು. ಆಮೇಲೆ ‘ಕೋರೆಮ್ಲು’ ಕ್ರೀಮು ಬಂತು. ಅದರಲ್ಲಿದ್ದದ್ದು ಇಲಿಪಾಷಾಣಕ್ಕೆ ಬಳಸುತ್ತಿದ್ದ ಥ್ಯಾಲಿಯಂ. ಹಚ್ಚಿಕೊಂಡವರ ನರಗಳಿಗೆ, ಕಣ್ಣಿಗೆ ಪೆಟ್ಟು ಬಿತ್ತು. ಸೌಂದರ್ಯವರ್ಧಕಗಳನ್ನು ಕಾನೂನಿನ ಹಿಡಿತಕ್ಕೆ ತಂದ ಅಮೆರಿಕದ ಕಾಯ್ದೆ ಬಂದದ್ದು 1938ರಲ್ಲಿ.

ಈ ನಡುವೆ ಸೂಜಿಯೂ ಚುರುಕಾಯಿತು. 1924ರಲ್ಲಿ ಫ್ರಾನ್ಸಿನ ಆನ್ರಿ ಬೋರ್ಡಿಯೇ ಅಧಿಕ ಆವರ್ತನದ ವಿದ್ಯುತ್ತಿನ ಶಾಖದಿಂದ ಬೇರು ಸುಡುವ ವಿಧಾನ ತಂದರು. 1940ರ ದಶಕದಲ್ಲಿ ಕ್ಷಾರ, ಶಾಖ ಎರಡನ್ನೂ ಕೂಡಿಸಿದ ‘ಬ್ಲೆಂಡ್’ ಬಂತು. ಆದರೂ ಕೆಲಸ ಇಂದಿಗೂ ಒಂದೊಂದೇ ಕೂದಲಿನದು.

1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ನಿಂತ ಮುಟ್ಟು, ದಪ್ಪಗಾದ ಅಂಡಾಶಯ, ಮುಖದ ಕೂದಲು ಇವುಗಳನ್ನು ಒಟ್ಟಿಗಿಟ್ಟು ನೋಡಿದರು. ಇಂದು ನಾವು ಪಿಸಿಓಎಸ್ ಎನ್ನುವುದು ಅದನ್ನೇ. ಸೂಜಿ ಮುಟ್ಟಿದ ಬೇರು ಸಾಯಬಹುದು. ಹಾರ್ಮೋನು ಹಾಗೇ ಇದ್ದರೆ ಪಕ್ಕದ ನವಿರುಗೂದಲು ನಾಳೆ ಕಪ್ಪಾಗುತ್ತದೆ. ‘ಶಾಶ್ವತ’ದ ಮಿತಿ ಅಷ್ಟು.

ಕರಪತ್ರದಲ್ಲಿ ‘ಇಳಿಕೆ’, ‘ನಿವಾರಣೆ’ ಎರಡನ್ನೂ ಬೇರೆಬೇರೆ ಬರೆದು ಕಳಿಸಿದೆ. ತಲೆಬರಹದ ‘ಬೇಡದ ಕೂದಲು’ ಮಾತ್ರ ತಿದ್ದಲಾಗಲಿಲ್ಲ. ಕನ್ನಡದಲ್ಲಿ ‘ಬೇಡದ’ ಎಂದಾಗ ಯಾರಿಗೆ ಬೇಡ ಎಂದು ಹೇಳಬೇಕಾಗಿಲ್ಲ. ಕುರ್ಚಿಯಲ್ಲಿ ಕೂತು ಸೂಜಿಗೆ ಗಲ್ಲ ಒಡ್ಡುವವಳು ಅದನ್ನೊಮ್ಮೆ ತನಗೆ ತಾನೇ ಕೇಳಿಕೊಳ್ಳಬಹುದು. ತನಗೇ ಬೇಡವಾಗಿದ್ದರೆ, ಕರಪತ್ರ ಅವಳಿಗೆ ನಿಜ ಹೇಳಬೇಕು.